ಕಳಿಸದೆ ಉಳಿಸಿಕೊಂಡವರು

ಮಲಪ್ರಭೆ ಊರನ್ನು ಬಳಸಿ ಹೊರಳುವ ಕಡೆ, ದಂಡೆಗೆ ಹತ್ತಿಕೊಂಡು ಒಂದು ಸಣ್ಣ ಮಠವಿತ್ತು. ಮಠದ ಗುರುಪಾದಯ್ಯನವರನ್ನು ಸುತ್ತಲಿನವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಅವರ ಕಣ್ಣು ಮಸುಕಾಗಿ ಬಹಳ ಕಾಲವಾಗಿತ್ತು. ಎದುರು ನಿಂತವರು ಯಾರೆಂದು ದನಿಯ ಮೇಲೆ ಗುರುತಿಸುತ್ತಿದ್ದರು.

ಒಂದು ಬೇಸಿಗೆಯ ಮಧ್ಯಾಹ್ನ ವಾಗೀಶ ಅಲ್ಲಿಗೆ ಬಂದ.

ವಾಗೀಶ ಆ ಮಠದ ಅನ್ನ ಉಂಡು ಬೆಳೆದವನು. ತಂದೆಯಿಲ್ಲದ ಹುಡುಗನಿಗೆ ಅಜ್ಜಾರೇ ಅಕ್ಷರ ತಿದ್ದಿಸಿ, ಮುಂದೆ ಧಾರವಾಡದ ಕಾಲೇಜಿಗೆ ಸೇರಿಸಿದ್ದರು. ಈಗ ಅವನು ಹುಬ್ಬಳ್ಳಿಯ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾರಿಗೆ ಯಾವ ತರಬೇತಿ ಕೊಡಿಸಬೇಕು, ಯಾರನ್ನು ಮೇಲಕ್ಕೆತ್ತಬೇಕು ಎಂಬುದೆಲ್ಲ ಅವನ ಕೈಯಲ್ಲಿತ್ತು.

ಅವನು ಶರಣು ಎಂದು ಕಾಲಿಗೆರಗಿದಾಗ ಅಜ್ಜಾರು ತಲೆಯ ಮೇಲೆ ಕೈಯಿಟ್ಟು, "ವಾಗೀಶ ಏನು? ದನಿ ಸಣ್ಣಾಗೇತಲ್ಲೋ" ಎಂದರು.

ವಾಗೀಶ ಚೀಲ ಕೆಳಗಿಟ್ಟು ಕುಳಿತ. ಅಜ್ಜಾರು ಕೆದಕಲಿಲ್ಲ. ಉಂಡು ಮಲಗು ಎಂದರು.

ಆ ಸಂಜೆ, ಮಠದಲ್ಲೇ ಉಳಿದಿದ್ದ ರುದ್ರಮುನಿ ಎಂದಿನಂತೆ ಅಜ್ಜಾರಿಗೆ ಗ್ರಂಥ ಓದಿದ. ರುದ್ರಮುನಿ ಮತ್ತು ವಾಗೀಶ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು, ಒಂದೇ ಚಾಪೆಯ ಮೇಲೆ ಕುಳಿತು ಕಲಿತವರು. ರುದ್ರಮುನಿ ಎರಡು ಮೂರು ವರ್ಷ ದೊಡ್ಡವನು. ವಾಗೀಶನ ಓದು ಆಗ ಅಷ್ಟಕ್ಕಷ್ಟೇ, ರುದ್ರಮುನಿಯದು ಹಾಗಲ್ಲ. ಅವನು ಬಾಯಿ ತೆರೆದರೆ ದನ ಮೇಯಿಸುವವರೂ ಅಂಗಳದಲ್ಲಿ ಬಂದು ನಿಲ್ಲುತ್ತಿದ್ದರು. ಕಠಿಣವಾದ ಮಾತನ್ನು ಒಡೆದು, ಹಣ್ಣು ಸುಲಿದು ಕೈಗಿಟ್ಟಂತೆ ಹೇಳುತ್ತಿದ್ದ.

ಈಗಲೂ ಹಾಗೆಯೇ ಓದಿದ. ಅಜ್ಜಾರು ಕಣ್ಣು ಮುಚ್ಚಿ, ಕಂಬಕ್ಕೆ ಒರಗಿ ಕೇಳಿದರು. ಅವರ ಮುಖದ ಮೇಲೆ ಆಗ ಮೂಡಿದ ಸಮಾಧಾನವನ್ನು ನೋಡಿ, ಈ ಮುದುಕರಿಗೆ ಕಣ್ಣು ಹೋಗಿದ್ದರೂ ಹೋಗಿಲ್ಲ ಎಂದು ವಾಗೀಶನಿಗೆ ಅನ್ನಿಸಿತು.

ಓದು ಮುಗಿದ ಮೇಲೆ ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕುಳಿತರು. ಹೊಳೆಯಾಚೆಯ ಊರವರು ಮಕ್ಕಳಿಗಾಗಿ ಒಂದು ಪಾಠಶಾಲೆ ಕಟ್ಟಿಸಿದ್ದನ್ನೂ, ಕಲಿಸಲು ರುದ್ರಮುನಿಯೇ ಬೇಕೆಂದು ಅಜ್ಜಾರ ಬಳಿ ಹಿರಿಯರು ಮತ್ತೆ ಮತ್ತೆ ಬಂದು ಕೇಳಿದ್ದನ್ನೂ ರುದ್ರಮುನಿ ಮಾತಿನ ನಡುವೆ ಹೇಳಿದ. ಅವನ ಬದಲು ಅಜ್ಜಾರು ಮಠದಲ್ಲೇ ಕಲಿತ ಚಂದ್ರಯ್ಯನನ್ನು ಒಮ್ಮೆ ಕಳಿಸಿದರಂತೆ, ಮತ್ತೊಮ್ಮೆ ಸದಾಶಿವನನ್ನು. ಇಬ್ಬರೂ ಒಳ್ಳೆಯವರೇ. ಆದರೆ ಒಬ್ಬ ಆ ಊರಿಗೆ ಹೊಂದಿಕೊಳ್ಳಲಿಲ್ಲ, ಇನ್ನೊಬ್ಬ ಮದುವೆಯಾಗಿ ದೂರ ಹೋದ. ಈಗ ಶಾಲೆಗೆ ಬರುವ ಮಕ್ಕಳು ಬೆರಳೆಣಿಕೆಯಷ್ಟು.

"ನಿನಗ ಹೋಗಬೇಕು ಅನ್ನಿಸಿರಲಿಲ್ಲೇನು, ರುದ್ರಣ್ಣ?" ಎಂದು ವಾಗೀಶ ಕೇಳಿದ.

ರುದ್ರಮುನಿ ನೀರನ್ನು ನೋಡುತ್ತ, "ಒಂದ ಕಾಲಕ್ಕ ಅನ್ನಿಸ್ತಿತ್ತು" ಎಂದ. "ಅಜ್ಜಾರು ಬಲ್ಲರು ಬಿಡು" ಎಂದು ಎದ್ದು ಹೋದ.

ಮರುದಿನ ಬೆಳಿಗ್ಗೆ ಅಜ್ಜಾರು ವಾಗೀಶನ ಹೆಗಲು ಹಿಡಿದುಕೊಂಡು ದಂಡೆಗೆ ಬಂದರು. ಬೇವಿನ ನೆರಳಲ್ಲಿ ಕುಳಿತ ಮೇಲೆ, "ಈಗ ಹೇಳು" ಎಂದರು.

ವಾಗೀಶ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ತನ್ನ ಕೆಲಸದಿಂದಲೇ ಶುರು ಮಾಡಿದ. ತನ್ನ ವಿಭಾಗಕ್ಕೆ ಮಾನವ ಸಂಪನ್ಮೂಲ ವಿಭಾಗ ಎನ್ನುತ್ತಾರೆ ಎಂದ.

"ಹಂಗಂದ್ರ?"

"ಮನುಷ್ಯರೇ ಕಂಪನಿಯ ಸಂಪತ್ತು ಅಂತ, ಅಜ್ಜಾರ. ಆ ಸಂಪತ್ತನ್ನ ಕಾಯೋದು, ಬೆಳಸೋದು ನನ್ನ ಕೆಲಸ."

"ಯಾರ ಸಂಪತ್ತು?"

"ಕಂಪನೀದು."

ಅಜ್ಜಾರು ತಲೆದೂಗಿದರು. ತನ್ನ ಉತ್ತರ ತನ್ನ ಕಿವಿಗೇ ಹಿತವಾಗಲಿಲ್ಲವಾದರೂ ವಾಗೀಶ ಮುಂದುವರಿಸಿದ.

ಕಾರ್ಖಾನೆಯಲ್ಲಿ ಮಹಾದೇವಿ ಕಮ್ಮಾರ ಎಂಬ ಹೆಣ್ಣುಮಗಳಿದ್ದಳು. ಮೋಟಾರಿನೊಳಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ವಿಭಾಗಕ್ಕೆ ಅವಳು ಮೇಲ್ವಿಚಾರಕಿ. ಗಂಡ ತೀರಿಕೊಂಡ ಮೇಲೆ ಕೆಲಸಕ್ಕೆ ಸೇರಿ, ಕೈಯಿಂದ ಕೈಗೆ ಕಲಿತು ಮೇಲೆ ಬಂದವಳು. ಹೊಸದಾಗಿ ಸೇರಿದ ಹುಡುಗಿಯರನ್ನು ಅವಳ ಕೈಕೆಳಗೆ ಬಿಟ್ಟರೆ ಸಾಕು, ಸ್ವಲ್ಪ ದಿನಕ್ಕೆ ಕೆಲಸಕ್ಕೆ ಒದಗುತ್ತಿದ್ದರು. ಹುಡುಗಿಯರ ಜಗಳ ಅವಳ ಹತ್ತಿರವೇ ಬಂದು ತಣ್ಣಗಾಗುತ್ತಿತ್ತು. ಆ ವಿಭಾಗದ ಚಿಂತೆ ವಾಗೀಶನಿಗೆ ಯಾವತ್ತೂ ಇರಲಿಲ್ಲ.

ಕಂಪನಿ ಬೇರೆ ಕಡೆ ಹೊಸ ಘಟಕ ಕಟ್ಟಲು ಹೊರಟಿತು. ಅಲ್ಲಿ ತಂತಿ ಸುತ್ತುವುದು ಯಂತ್ರ. ಯಂತ್ರವನ್ನು ನಡೆಸುವುದು ಕಂಪ್ಯೂಟರು. ಅದನ್ನು ಕಲಿಯಲು ಪುಣೆಗೆ ಜನರನ್ನು ಕಳಿಸಬೇಕಿತ್ತು. ತನ್ನನ್ನು ಕಳಿಸಿ ಎಂದು ಮಹಾದೇವಿ ಬಂದು ಕೇಳಿದಳು. ಮುಂದಿನ ವರ್ಷ ನೋಡೋಣ ಎಂದ ವಾಗೀಶ. ಮುಂದಿನ ವರ್ಷ ಅವಳು ಮತ್ತೆ ಬಂದಳು. ಮತ್ತೆ ಅದೇ ಮಾತು. ಅವಳು ಹೋದರೆ ವಿಭಾಗದ ಗತಿಯೇನು ಎಂಬ ಹೆದರಿಕೆ ಅವನಿಗೆ.

ಯಾರನ್ನಾದರೂ ಕಳಿಸಲೇಬೇಕಿತ್ತಲ್ಲ. ಅವಳ ಕೈಕೆಳಗೆ ಕಲಿತ ಹುಡುಗಿಯರಲ್ಲಿ, ಇಲ್ಲದಿದ್ದರೂ ನಡೆದೀತು ಎಂದು ತೋರಿದವರನ್ನು ಆರಿಸಿ ಕಳಿಸಿದ. ಮಹಾದೇವಿಗೆ ಪ್ರತಿ ವರ್ಷ ಕನ್ನಡ ರಾಜ್ಯೋತ್ಸವದ ದಿನ ಶಾಲು ಹೊದಿಸಿ, ಉತ್ತಮ ಮೇಲ್ವಿಚಾರಕಿ ಎಂದು ಸನ್ಮಾನ ಮಾಡಿಸಿದ. ಅವಳ ಬಗ್ಗೆ ವೇದಿಕೆಯ ಮೇಲೆ ಅವನೇ ಮಾತಾಡುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಹೋದ ದೀಪಾವಳಿಯ ಹೊತ್ತಿಗೆ ವೈಂಡಿಂಗ್ ವಿಭಾಗವನ್ನು ಮುಚ್ಚಿದರು. ಪುಣೆಗೆ ಹೋಗಿ ಬಂದ ಹುಡುಗಿಯರಿಗೆ ಹೊಸ ಘಟಕದಲ್ಲಿ ಜಾಗ ಸಿಕ್ಕಿತು. ಹೊಸ ಯಂತ್ರ ಗೊತ್ತಿಲ್ಲದವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಮಹಾದೇವಿಯನ್ನೂ.

"ಅಂಥಾಕಿನ್ನ ಬಿಡಬ್ಯಾಡ್ರಿ ಅಂತ ನಾನು ಮಾಲೀಕರ ಮುಂದ ಹೇಳಿದೆ, ಅಜ್ಜಾರ. ಹಂಗಾದ್ರ ಆಕಿನ್ನ ಯಾಕ ತಯಾರ ಮಾಡಲಿಲ್ಲ ಅಂತ ಅವರು ನನ್ನನ್ನೇ ಕೇಳಿದ್ರು."

ಈಗ ಮಾಲೀಕರು ಮುಂದಿನ ಕಾಲಕ್ಕೆ ಜನರನ್ನು ತಯಾರು ಮಾಡುವ ದೊಡ್ಡ ಯೋಜನೆ ಹಾಕಿಕೊಡು ಎಂದಿದ್ದಾರೆ. ಬರೆಯಲು ಕುಳಿತರೆ ಅವಳ ಮುಖವೇ ಎದುರಿಗೆ ಬರುತ್ತದೆ. ಹೀಗೆಂದು ವಾಗೀಶ ಮುಖ ಒರೆಸಿಕೊಂಡ. ನಾನು ಏನು ಮಾಡಲಿ ಎಂದು ಕೇಳಿದ.

ಅಜ್ಜಾರು ನೆಲದ ಮೇಲಿನ ಒಂದು ಬೇವಿನ ಕಡ್ಡಿಯನ್ನು ಬೆರಳಲ್ಲಿ ಹೊರಳಿಸುತ್ತಿದ್ದರು.

"ಆಕಿನ್ನ ಯಾಕ ಕಳಸ್ಲಿಲ್ಲ ಅಂತ ಆಕಿಗೆ ಹೇಳಿದ್ಯಾ?"

"ಮುಂದಿನ ವರ್ಷ ನೋಡೋಣ ಅಂದಿದ್ದೆ."

"ಅದು ನೀ ಅಂದದ್ದು. ಆಕಿಗೆ ಕೇಳಿಸಿದ್ದು ಏನು?"

ವಾಗೀಶನಿಗೆ ಅರ್ಥವಾಗಲಿಲ್ಲ.

"ಹೋಗು" ಎಂದರು ಅಜ್ಜಾರು. "ಆಕಿನ್ನೇ ಕೇಳಿಕೊಂಡ ಬಾ."

ವಾಗೀಶ ಹುಬ್ಬಳ್ಳಿಗೆ ಮರಳಿದ. ಮಹಾದೇವಿಯ ಮನೆ ಹಳೇಹುಬ್ಬಳ್ಳಿಯ ಒಂದು ಸಂದಿಯಲ್ಲಿತ್ತು. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದ್ದರೂ ಅವನು ಆ ಮನೆಯನ್ನು ನೋಡಿರಲಿಲ್ಲ. ಕೇಳುತ್ತ ಕೇಳುತ್ತ ಹೋಗಿ ಬಾಗಿಲಲ್ಲಿ ನಿಂತಾಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಅವಳು ಈಗ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು.

ಅವಳು ಗಾಬರಿಯಾಗಲಿಲ್ಲ. ಸಿಡುಕಲೂ ಇಲ್ಲ. "ಬರ್ರಿ ಸಾಹೇಬ್ರ" ಎಂದು ಮಣೆ ಹಾಕಿ ನೀರು ಕೊಟ್ಟಳು. ಹೆಂಚು ಕಾದಿದೆ, ಕೈ ಬಿಡುವಂತಿಲ್ಲ, ತಪ್ಪು ತಿಳಿಯಬೇಡಿ ಎಂದು ಮತ್ತೆ ಒಲೆಯ ಮುಂದೆ ಕುಳಿತಳು.

ವಾಗೀಶ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದನ್ನು ಮೊದಲು ಹೇಳಿದ. ಹೊಸ ಘಟಕದಲ್ಲಿ ಹುಡುಗಿಯರಿಗೆ ಕಲಿಸುವ ಕೆಲಸವೊಂದನ್ನು ಹೇಗಾದರೂ ಕೊಡಿಸುತ್ತೇನೆ, ಅದಕ್ಕೂ ಮುಂಚೆ ಪುಣೆಗೂ ಕಳಿಸುತ್ತೇನೆ, ಮಾಲೀಕರನ್ನು ಒಪ್ಪಿಸುವುದು ನನಗೆ ಬಿಟ್ಟದ್ದು ಎಂದ.

ಅವಳು ರೊಟ್ಟಿಯ ಮೇಲೆ ನೀರು ಸವರಿ, ತಿರುವಿ ಹಾಕಿ, ನಿಧಾನವಾಗಿ ತಲೆಯಾಡಿಸಿದಳು. ಮಗಳ ಬಾಣಂತನ ಹತ್ತಿರ ಬಂದಿದೆ ಎಂದಳು. ಮೊದಲಿನ ಹಾಗೆ ಹೊಸದು ತಲೆಗೆ ಹತ್ತುವುದಿಲ್ಲ ಎಂದಳು. ತನ್ನ ಕೈಕೆಳಗಿದ್ದ ಹುಡುಗಿಯರ ಮುಂದೆ ಈಗ ಕಲಿಯಲು ಕುಳಿತರೆ ಅವರಿಗೇ ಸಂಕೋಚವಾಗುತ್ತದೆ ಎಂದಳು. ಎಲ್ಲವೂ ಬೇರೆ ಬೇರೆ ಕಾರಣ. ಎಲ್ಲವೂ ಒಂದೇ ಉತ್ತರ.

ಕೊನೆಗೆ ವಾಗೀಶ, ಮುಂದಿನ ವರ್ಷ ನೋಡೋಣ ಎಂದು ತಾನು ಅನ್ನುತ್ತಿದ್ದಾಗ ನೀವು ಏನೆಂದು ತಿಳಿದುಕೊಂಡಿರಿ ಎಂದು ಕೇಳಿದ.

ಮಹಾದೇವಿಯ ಕೈ ಹಿಟ್ಟಿನ ಮೇಲೆ ನಿಂತಿತು.

"ನನ್ನಾಗ ಏನೋ ಕಡಿಮಿ ಐತಿ ಅಂತ ತಿಳಕೊಂಡೆರಿ."

ವಾಗೀಶ ನೀರಿನ ಲೋಟ ಕೆಳಗಿಟ್ಟ.

"ಶಾಲು ಹೊಚ್ಚಿದ ದಿನ ಮನಿಗೆ ಬಂದು ಕುಂತು ಯೋಚನಿ ಮಾಡ್ತಿದ್ದೆರಿ. ಇಷ್ಟ ಹೊಗಳ್ತಾರ, ಮತ್ತ ನನ್ನ ಕೈಯಾಗಿನ ಹುಡುಗ್ಯಾರ್ನ ಕಳಸ್ತಾರ, ನನ್ನ ಬ್ಯಾಡ ಅಂತಾರ. ನಾ ಇಂಗ್ಲಿಷ್ ಕಲೀಲಿಲ್ಲ, ಅದಕ್ಕ ಇರಬೇಕು ಅಂತ ಒಂದ ವರ್ಷ ಪುಸ್ತಕ ತಂದು ಓದಿದೆ. ವಯಸ್ಸಾತು, ಅದಕ್ಕ ಇರಬೇಕು ಅಂತ ಇನ್ನೊಂದ ವರ್ಷ ತಲಿಗೆ ಬಣ್ಣ ಹಚ್ಚಿದೆ. ಆಮ್ಯಾಲ ಕೇಳೂದ ಬಿಟ್ಟೆರಿ."

"ನಿಮ್ಮೊಳಗ ಏನೂ ಕಡಿಮಿ ಇರಲಿಲ್ಲ" ಎಂದ ವಾಗೀಶ. "ನೀವು ಹೋದ್ರ ನನಗ ತ್ರಾಸ ಆಗ್ತಿತ್ತು. ಅಷ್ಟ."

ಹೆಂಚಿನ ಮೇಲಿದ್ದ ರೊಟ್ಟಿ ಕಪ್ಪಾಗಿ ಹೊಗೆಯೆದ್ದಿತು. ಅವಳು ಅದನ್ನು ತೆಗೆದು ಪಕ್ಕಕ್ಕಿಟ್ಟಳು.

"ಆ ಮಾತು ಆವಾಗ ಹೇಳಿದ್ರ ಛಲೋ ಇತ್ತರಿ, ಸಾಹೇಬ್ರ. ಬೈಯಾಕರ ಬರ್ತಿತ್ತು ನನಗ. ನಿಮ್ಮನ್ನ ಬೈಯೂದು ಬಿಟ್ಟು ನನ್ನನ್ನ ನಾನೇ ಬೈಕೊಂಡೆ."

ಅಷ್ಟು ಹೇಳಿ ಅವಳು ಹೊಸ ಹಿಟ್ಟು ನಾದತೊಡಗಿದಳು. ಅವನು ಏಳುವಾಗ ಹಾಗೇ ಹೋಗಬೇಡಿ ಎಂದು ಬಿಸಿರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟಳು. ವಾಗೀಶ ಅವಳೆದುರೇ ಕುಳಿತು ತಿಂದ. ಪ್ರತಿ ತುತ್ತಿಗೂ ನೀರು ಕುಡಿಯಬೇಕಾಯಿತು.

ಮರುದಿನ ಅವನು ಮತ್ತೆ ಮಠಕ್ಕೆ ಹೋದ. ಸಂಜೆಯಾಗಿತ್ತು. ರುದ್ರಮುನಿ ವ್ಯಾಸಪೀಠದ ಮೇಲೆ ಗ್ರಂಥ ಬಿಚ್ಚಿಟ್ಟುಕೊಂಡು ಅಜ್ಜಾರ ಅಪ್ಪಣೆಗೆ ಕಾಯುತ್ತಿದ್ದ.

ಮೊದಲು ನೀ ಹೇಳು ಎಂದರು ಅಜ್ಜಾರು, ವಾಗೀಶನಿಗೆ.

ವಾಗೀಶ ಒಂದನ್ನೂ ಬಿಡದೆ ಹೇಳಿದ. ಇಂಗ್ಲಿಷ್ ಪುಸ್ತಕದ ಮಾತು ಹೇಳಿದ, ತಲೆಗೆ ಬಣ್ಣ ಹಚ್ಚಿದ ಮಾತು ಹೇಳಿದ. ತನ್ನಲ್ಲೇ ಏನೋ ಕಡಿಮೆಯಿದೆ ಎಂದು ಅವಳು ಅಷ್ಟು ವರ್ಷ ನಂಬಿಕೊಂಡಿದ್ದಳು ಎಂಬುದನ್ನೂ ಹೇಳಿದ.

ಅಜ್ಜಾರು ಸಮಾಧಾನದ ಮಾತಾಡಿಯಾರು ಎಂದು ಅವನು ಕಾದ. ಇಲ್ಲವೇ ಒಂದು ಬೈಗುಳವಾದರೂ ಬಂದೀತು ಎಂದುಕೊಂಡ. ಎರಡೂ ಬರಲಿಲ್ಲ. ಅವರ ಮುಖ ತನ್ನ ಕಡೆ ಇಲ್ಲವೆಂಬುದು ಅವನಿಗೆ ಆಮೇಲೆ ತಿಳಿಯಿತು. ಅವರು ರುದ್ರಮುನಿ ಕುಳಿತಿದ್ದ ಕಡೆಗೆ, ಕಾಣದ ಕಣ್ಣಲ್ಲಿ, ನೋಡುತ್ತಿದ್ದರು.

"ಓದ್ಲೇನ್ರಿ, ಅಜ್ಜಾರ?" ಎಂದ ರುದ್ರಮುನಿ.

"ಇವತ್ತ ಬ್ಯಾಡ" ಎಂದರು.

ರುದ್ರಮುನಿ ಗ್ರಂಥಕ್ಕೆ ಅರಿವೆ ಸುತ್ತಿ ಒಳಗಿಟ್ಟ. ಮಠದಲ್ಲಿ ಓದು ನಿಂತದ್ದನ್ನು ವಾಗೀಶ ಅದೇ ಮೊದಲು ಕಂಡದ್ದು.

ಬೆಳಿಗ್ಗೆ ಸ್ನಾನ ಪೂಜೆ ಮುಗಿದ ಮೇಲೆ ಅಜ್ಜಾರು ರುದ್ರಮುನಿಯನ್ನು ಕರೆದರು. ವಾಗೀಶ ಪಕ್ಕದಲ್ಲೇ ಇದ್ದ. ಅವನನ್ನು ಏಳು ಎನ್ನಲಿಲ್ಲ.

"ಹೊಳಿ ಆಚೆ ಊರಿಗೆ ಹೋಗು, ರುದ್ರಮುನಿ. ಶಾಲಿ ನಿಂದು. ಅಲ್ಲೇ ಇರು."

ರುದ್ರಮುನಿ ನಿಂತಲ್ಲೇ ನಿಂತ. ಎಷ್ಟೋ ವರ್ಷ ಕಾದ ಮಾತು ಕಿವಿಗೆ ಬಿದ್ದಾಗ ಅವನ ಮುಖ ಅರಳೀತು ಎಂದುಕೊಂಡಿದ್ದ ವಾಗೀಶನಿಗೆ, ಆ ಮುಖ ಕಳೆಗುಂದಿದ್ದು ಕಂಡಿತು.

"ನನ್ನಿಂದ ಏನರ ತಪ್ಪಾತೇನ್ರಿ?"

"ಇಲ್ಲ."

"ನಿನ್ನೆ ಓದೂದು ಬ್ಯಾಡ ಅಂದ್ರಿ. ಇವತ್ತ ಹೋಗು ಅಂತೀರಿ."

"ತಪ್ಪು ನಿಂದಲ್ಲಪ್ಪಾ" ಎಂದರು ಅಜ್ಜಾರು.

ರುದ್ರಮುನಿ ತನ್ನಷ್ಟಕ್ಕೇ ಹೇಳಿಕೊಳ್ಳುವವನಂತೆ ಮಾತಾಡಿದ. ಮಕ್ಕಳ ಜೊತೆ ಒಡನಾಡಿ ಕಾಲವಾಯಿತು, ಅವರ ಗದ್ದಲ ಈಗ ತಾಳಿಕೊಳ್ಳುತ್ತೇನೋ ಇಲ್ಲವೋ ಗೊತ್ತಿಲ್ಲ ಎಂದ. ಮೊದಲು ಆ ಊರಿನವರು ಕೇಳಲು ಬಂದಾಗ, ಯಾವ ಮಗುವಿಗೆ ಯಾವ ಪಾಠದಿಂದ ಶುರು ಮಾಡಬೇಕು ಎಂದು ಮೆಟ್ಟಿಲ ಮೇಲೆ ಕುಳಿತು ಲೆಕ್ಕ ಹಾಕುತ್ತಿದ್ದೆ, ಈಗ ಅದೆಲ್ಲ ಮರೆತೇ ಹೋಗಿದೆ ಎಂದ.

"ಆವಾಗ ಹೋಗು ಅಂದಿದ್ರ ಓಡಿ ಹೋಗ್ತಿದ್ನಿರಿ" ಎಂದ. "ಈಗ ಹೋಗ್ತೀನಿ. ನಡಕೊಂಡು."

ಅಜ್ಜಾರು ಕೈ ಚಾಚಿದರು. ರುದ್ರಮುನಿ ಬಾಗಿ ತಲೆಯನ್ನು ಆ ಕೈಗೆ ಕೊಟ್ಟ. ಅವರ ಬೆರಳುಗಳು ಅವನ ಒರಟಾದ ಕೂದಲಲ್ಲಿ ಬಹಳ ಹೊತ್ತು ಇದ್ದವು. ಆ ಕೂದಲಲ್ಲಿ ಕಪ್ಪು ಎಲ್ಲೋ ಅಲ್ಲೊಂದು ಇಲ್ಲೊಂದು ಉಳಿದಿತ್ತು.

ಗಂಟು ಕಟ್ಟಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಎರಡು ಅಂಗಿ, ಎರಡು ಧೋತರ, ಒಂದು ಚಾದರ. ಗ್ರಂಥಗಳನ್ನು ತೆಗೆದುಕೊಂಡು ಹೋಗು ಎಂದರೆ ಬೇಡವೆಂದ. ಅವು ಇಲ್ಲಿ ಬೇಕಾಗುತ್ತವೆ ಎಂದ.

ಬೇಸಿಗೆಯಾದ್ದರಿಂದ ಹೊಳೆಯಲ್ಲಿ ಮೊಣಕಾಲುದ್ದ ನೀರಿತ್ತು. ಅಜ್ಜಾರು ಮೆಟ್ಟಿಲ ಮೇಲೆ ಬಂದು ನಿಂತರು. ವಾಗೀಶ ಅವರ ಕೈ ಹಿಡಿದುಕೊಂಡಿದ್ದ. ರುದ್ರಮುನಿ ಧೋತರ ಮೇಲಕ್ಕೆ ಕಟ್ಟಿ, ಗಂಟನ್ನು ತಲೆಯ ಮೇಲಿಟ್ಟುಕೊಂಡು ನೀರಿಗಿಳಿದ.

ಅವನು ಹೋಗುವುದನ್ನು ನೋಡುತ್ತ ನಿಂತ ವಾಗೀಶನಿಗೆ ಒಂದು ಹಳೆಯ ಬೆಳಗು ನೆನಪಾಯಿತು. ಇದೇ ಮಠದಿಂದ ಅವನು ಧಾರವಾಡಕ್ಕೆ ಹೊರಟ ದಿನ. ಕಾಲೇಜಿಗೆ ತಮ್ಮಿಬ್ಬರಲ್ಲಿ ಒಬ್ಬರನ್ನು ಕಳಿಸಬೇಕಿತ್ತು. ಅಜ್ಜಾರು ತನ್ನನ್ನು ಆರಿಸಿದಾಗ ಅವನು ಎಷ್ಟು ಬೀಗಿದ್ದ. ರುದ್ರಣ್ಣನೇ ಅವನ ಟ್ರಂಕನ್ನು ಬಸ್ಸಿನವರೆಗೆ ಹೊತ್ತುಕೊಂಡು ಬಂದಿದ್ದ. ಛಲೋ ಓದು ಎಂದಿದ್ದ. ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದ.

ಆ ಆಯ್ಕೆ ಯಾಕಾಯಿತು ಎಂದು ವಾಗೀಶ ಇಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಯೋಚಿಸಿದ. ಅಜ್ಜಾರನ್ನು ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ.

"ದಾಟಿದ್ನೇನು?" ಎಂದರು ಅಜ್ಜಾರು.

"ನಡುವ ಅದಾನ್ರಿ. ನಿಂತಾನ."

"ಹೊಳ್ಳಿ ನೋಡ್ತಾನೇನು?"

"ಇಲ್ರಿ. ಗಂಟು ಸರಿ ಮಾಡ್ಕೊಳ್ಳಾಕತ್ಯಾನ."

ಸ್ವಲ್ಪ ಹೊತ್ತಿನಲ್ಲಿ ರುದ್ರಮುನಿ ಆಚೆ ದಂಡೆ ಹತ್ತಿ, ಜಾಲಿಯ ಗಿಡಗಳ ಹಿಂದೆ ಮರೆಯಾದ. ವಾಗೀಶ ಅದನ್ನು ಹೇಳಿದ. ಅಜ್ಜಾರು ಮೆಟ್ಟಿಲ ಮೇಲೆ ಕೈಯೂರಿ ಕುಳಿತರು. ಅವರ ಹಿಂದೆ ಮಠ ಖಾಲಿ ಖಾಲಿಯಾಗಿತ್ತು. ಉಳಿದವರು ಅಡುಗೆ ಮಾಡುವ ಒಬ್ಬರು, ಹಸು ನೋಡಿಕೊಳ್ಳುವ ಒಬ್ಬರು. ಇಬ್ಬರಿಗೂ ಓದು ಬಾರದು.

ವಾಗೀಶ ಅವರ ಪಕ್ಕಕ್ಕೆ ಕುಳಿತ.

"ಇನ್ನ ನಿಮಗ ಓದಿ ಹೇಳವರು ಯಾರ್ರಿ, ಅಜ್ಜಾರ?"

ಅಜ್ಜಾರು ಹೊಳೆಯ ಸಪ್ಪಳವಿದ್ದ ಕಡೆಗೆ ಮುಖ ಮಾಡಿಕೊಂಡೇ ಹೇಳಿದರು:

"ಇದೊಂದ ಪ್ರಶ್ನೆ ಕೇಳಕೋತ ಕುಂತು, ಆ ಮನಶ್ಯಾನ ತಲಿ ಬೆಳ್ಳಗ ಮಾಡಿದೆ ನಾನು."